ಮನೆಯ ಮಗ್ಗುಲಿನ ಬಾವಿಗೆ ಅಪ್ಪಣೆ ಯಾರದು?



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯವರಿಗೆ ಭೂಮಿ ಕೊರೆಯುವ ಸದ್ದು ಹೊಸದೇನಲ್ಲ. ಬೇಸಿಗೆ ಕಾಲಿಟ್ಟಿತೆಂದರೆ ತಮಿಳುನಾಡಿನ ತಿರುಚೆಂಗೋಡಿನ ಕಡೆಯ ಬೋರ್‌ವೆಲ್ ಲಾರಿಗಳು ಬಂದು ಹೊಲದ ಬದುವಿನಲ್ಲಿ ನಿಲ್ಲುತ್ತವೆ. ರಾತ್ರಿಯಿಡೀ ಕಂಪ್ರೆಸರ್ ಗುಡುಗು, ಬೆಳಗಾಗುವ ಹೊತ್ತಿಗೆ ಸುತ್ತಲ ಗಿಡಗಳ ಮೇಲೆಲ್ಲ ಬಿಳಿಯ ಹುಡಿ. ನೀರು ಬಿದ್ದರೆ ಹಬ್ಬ, ಬೀಳದಿದ್ದರೆ ಸಾಲ. ಆದರೂ ಅಕ್ಕಪಕ್ಕದವರು ತಕರಾರು ತೆಗೆಯುವುದು ಅಪರೂಪ. ಎರಡು ರಾತ್ರಿಯ ಸದ್ದು ತಾನೇ, ನಾಳೆ ತಮ್ಮ ಹೊಲಕ್ಕೂ ಅದೇ ಲಾರಿ ಬರಬೇಕಲ್ಲ ಎಂಬ ಲೆಕ್ಕ.

ಎಣ್ಣೆಯ ಬಾವಿ, ಅನಿಲದ ಬಾವಿ ಎಂದರೆ ಕತೆಯೇ ಬೇರೆ. ಅಲ್ಲಿ ಕೊರೆಯುವುದು ಅಡಿಗಳ ಲೆಕ್ಕದಲ್ಲಲ್ಲ, ಕಿಲೋಮೀಟರುಗಳ ಲೆಕ್ಕದಲ್ಲಿ. ಹತ್ತಾರು ಮೀಟರ್ ಎತ್ತರದ ಉಕ್ಕಿನ ಗೋಪುರ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಹಗಲಿರುಳೂ ದುಡಿಯುತ್ತದೆ. ಕೊರೆದ ತೂತು ಕುಸಿಯದಂತೆ ಉಕ್ಕಿನ ಕೊಳವೆ ಇಳಿಸಿ, ಅದರ ಸುತ್ತ ಸಿಮೆಂಟು ತುಂಬುತ್ತಾರೆ. ನೆಲದಾಳದ ಒತ್ತಡವನ್ನು ಅಣಗಿಸಿಡಲು ತೂಕದ ಕೆಸರನ್ನು ಒಳಗೆ ನೂಕುತ್ತಿರುತ್ತಾರೆ. ಆ ಕೆಸರಿನ ತೂಕ ಸಾಲದೇ ಹೋದರೆ, ಇಲ್ಲವೇ ಬಾವಿಯ ಬಾಯಿಯ ಕವಾಟ ಸೋತರೆ, ಒಳಗಿನ ಅನಿಲ ಸಿಡಿದು ಮೇಲೇಳುತ್ತದೆ. ಬಾವಿ ಸರಿಯಾಗಿಯೇ ನಡೆದರೂ ಬೇಡವಾದ ಅನಿಲವನ್ನು ಉರಿಸುವ ಜ್ವಾಲೆ, ಟ್ಯಾಂಕರುಗಳ ಓಡಾಟ, ಉಪ್ಪುನೀರಿನ ಹೊಂಡ, ಗಾಳಿಯಲ್ಲಿ ಬೆಂಜೀನಿನಂಥ ಆವಿ ಇವೆಲ್ಲ ವರ್ಷಾನುಗಟ್ಟಲೆ ಉಳಿಯುತ್ತವೆ. ಆದ್ದರಿಂದಲೇ ಇಂಥ ಬಾವಿಯ ವಿಚಾರದಲ್ಲಿ ಎಲ್ಲ ದೇಶಗಳಲ್ಲೂ ಏಳುವ ಮೊದಲ ಪ್ರಶ್ನೆ ಅಂತರದ್ದು: ಮನೆಯಿಂದ ಎಷ್ಟು ದೂರ? ಅದರ ಬೆನ್ನಿಗೇ ಎರಡನೆಯದು: ಆ ದೂರವನ್ನು ಗೊತ್ತುಮಾಡುವವರು ಯಾರು? ಊರಿನವರೋ, ರಾಜಧಾನಿಯವರೋ?

ಹಾವೇರಿ ಜಿಲ್ಲೆಯಲ್ಲಿ ಎಣ್ಣೆ ಸಿಗುವ ಸಂಭವವಿಲ್ಲ. ಇಲ್ಲಿಯ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಧಾರವಾಡದ ಹೆಸರನ್ನೇ ಹೊತ್ತ ಶಿಲಾಶ್ರೇಣಿ. ಎಣ್ಣೆ, ಅನಿಲ ಹುಟ್ಟುವುದು ಹಳೆಯ ಕಡಲು, ನದೀಮುಖಗಳು ಪದರ ಪದರವಾಗಿ ಹೂಳು ಬಿಟ್ಟ ಜಾಗಗಳಲ್ಲಿ. ಕಾವೇರಿ ಮುಖಜ, ಕೃಷ್ಣಾ-ಗೋದಾವರಿ, ಗುಜರಾತಿನ ಖಂಭಾತ್, ಅಸ್ಸಾಂ ಇವು ಅಂಥವು. ದೇಶದ 26 ಜಲಜ ಶಿಲಾ ಜಲಾನಯನಗಳ ಪಟ್ಟಿಯಲ್ಲಿ ಉತ್ತರ ಕರ್ನಾಟಕದ ಭೀಮಾ-ಕಲಾದಗಿಯ ಹೆಸರೂ ಇದೆ, ಆದರೆ ಅಲ್ಲಿ ಎಣ್ಣೆ ತೆಗೆಯುವ ಬಾವಿಯಿಲ್ಲ.

ಹಾಗಾದರೆ ಈ ಮಾತು ಹಾವೇರಿಗೆ ಏಕೆ ಬೇಕು? ಚಿನ್ನದ ಕಾರಣಕ್ಕೆ ಬೇಕು. ಆ ಹಳೆಯ ಕಲ್ಲು ಎಣ್ಣೆ ಕೊಡದಿದ್ದರೂ ಚಿನ್ನ ಕೊಡುತ್ತದೆ. ಹಾವೇರಿಯ ಹತ್ತಿರದ ಗಣಜೂರಿನಲ್ಲಿ ಡೆಕ್ಕನ್ ಗೋಲ್ಡ್ ಮೈನ್ಸ್ ಕಂಪನಿಯ ಕಡೆಯವರು ವರ್ಷಗಟ್ಟಲೆ ಭೂಮಿ ಕೊರೆದು ಕಲ್ಲಿನ ಕೋಲುಗಳನ್ನು ಮೇಲೆತ್ತಿ ಪರೀಕ್ಷಿಸಿದರು, ಗಣಿ ಗುತ್ತಿಗೆಗೆ ಅರ್ಜಿ ಹಾಕಿದರು. ಅರ್ಜಿ ಹೋದದ್ದು ಬೆಂಗಳೂರಿಗೆ, ಅಲ್ಲಿಂದ ದಿಲ್ಲಿಗೆ. 2021ರ ಮಾರ್ಚ್‌ನಲ್ಲಿ ಸಂಸತ್ತು 1957ರ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿ ತಂದು, ಹರಾಜಿಲ್ಲದೆ ಗುತ್ತಿಗೆ ಕೇಳಿದ್ದ ಇಂಥ ಹಳೆಯ ಬಾಕಿ ಅರ್ಜಿಗಳ ಹಕ್ಕು ಮುಗಿಯಿತೆಂದಿತು. ಕೊಡುವುದಾಗಲಿ ಕಿತ್ತುಕೊಳ್ಳುವುದಾಗಲಿ ಆದದ್ದು ದೂರದಲ್ಲಿ. ಕೊಡು ಎಂದೋ ಬೇಡ ಎಂದೋ ಹೇಳಿ ಮಾತು ಮುಗಿಸುವ ಅಧಿಕಾರ ಗ್ರಾಮ ಪಂಚಾಯಿತಿಗೆ ಎಲ್ಲೂ ಇರಲಿಲ್ಲ. ಚಿನ್ನದ ಜಾಗದಲ್ಲಿ ಎಣ್ಣೆ ಇದ್ದಿದ್ದರೂ ದಾರಿ ಹೆಚ್ಚುಕಡಿಮೆ ಇದೇ.

ಸಂವಿಧಾನದ ಏಳನೇ ಅನುಸೂಚಿಯನ್ನು ತೆರೆದು ನೋಡಿದರೆ ಕಾರಣ ತಿಳಿಯುತ್ತದೆ. ತೈಲಕ್ಷೇತ್ರ ಮತ್ತು ಖನಿಜ ತೈಲದ ನಿಯಂತ್ರಣ ಕೇಂದ್ರ ಪಟ್ಟಿಯ 53ನೇ ಬಾಬತ್ತು. ಗಣಿ 54ನೆಯದು. ಸ್ಥಳೀಯ ಆಡಳಿತ, ಸಾರ್ವಜನಿಕ ಆರೋಗ್ಯ, ಕೃಷಿ ಇವೆಲ್ಲ ರಾಜ್ಯ ಪಟ್ಟಿಯಲ್ಲಿವೆ. 73ನೇ ತಿದ್ದುಪಡಿಯ ಮೂಲಕ 1993ರಲ್ಲಿ ಪಂಚಾಯಿತಿಗಳಿಗೆ ವಹಿಸಬಹುದೆಂದು ಹೇಳಿದ 29 ವಿಷಯಗಳಲ್ಲಿ ಕುಡಿಯುವ ನೀರಿದೆ, ರಸ್ತೆಯಿದೆ, ಮೀನುಗಾರಿಕೆಯಿದೆ, ಗ್ರಂಥಾಲಯವೂ ಇದೆ. ಖನಿಜ ಇಲ್ಲ. ನೆಲದ ಮೇಲಿನ ತಾಪತ್ರಯವೆಲ್ಲ ಊರಿನದು, ಕೆಳಗಿನ ಸಂಪತ್ತು ಮಾತ್ರ ಸರ್ಕಾರದ್ದು ಎಂದು ಹಳ್ಳಿಯ ಹಿರಿಯರು ಹೇಳಿದರೆ ಅದು ಉತ್ಪ್ರೇಕ್ಷೆಯಾಗದು. 1996ರ ಪೆಸಾ ಕಾಯ್ದೆ ಕಿರುಖನಿಜದ ಗುತ್ತಿಗೆಗೆ ಗ್ರಾಮಸಭೆಯ ಇಲ್ಲವೇ ಪಂಚಾಯಿತಿಯ ಶಿಫಾರಸು ಬೇಕೆನ್ನುತ್ತದೆ ನಿಜ. ಅದು ಐದನೇ ಅನುಸೂಚಿಯ ಆದಿವಾಸಿ ಪ್ರದೇಶಗಳಿಗೆ ಮಾತ್ರ, ಕರ್ನಾಟಕದಲ್ಲಿ ಅಂಥ ಪ್ರದೇಶವೆಂದು ಘೋಷಿಸಿದ ಒಂದು ಊರೂ ಇಲ್ಲ.

ದೇಶದ ಒಳಗೆ ಎಣ್ಣೆಬಾವಿಯನ್ನು ಮನೆಯ ಮಗ್ಗುಲಲ್ಲಿ ಇಟ್ಟುಕೊಂಡು ಬದುಕಿದವರ ಅನುಭವವನ್ನು ಕೇಳಬೇಕು. ಆಂಧ್ರದ ಗೋದಾವರಿ ಮುಖಜ ಭೂಮಿಯ ಪಾಸರ್ಲಪೂಡಿಯಲ್ಲಿ 1995ರ ಜನವರಿ 8ರಂದು ಓಎನ್‌ಜಿಸಿಯ ಬಾವಿಯೊಂದು ಸಿಡಿಯಿತು. ತೆಂಗಿನ ತೋಟಗಳ ನಡುವೆ ಎದ್ದ ಆ ಬೆಂಕಿ ಆರಲು ಎರಡು ತಿಂಗಳು ಮೀರಿತು, ಸುತ್ತಲ ಹಳ್ಳಿಗಳನ್ನು ತೆರವು ಮಾಡಬೇಕಾಯಿತು. ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ಬಾಘ್‌ಜಾನ್‌ನಲ್ಲಿ 2020ರ ಮೇ 27ರಂದು ಆಯಿಲ್ ಇಂಡಿಯಾದ ಬಾವಿ ಹೀಗೆಯೇ ಬಾಯಿ ಬಿಟ್ಟಿತು. ಜೂನ್ 9ರಂದು ಬೆಂಕಿ ಹೊತ್ತಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಅದು ಪೂರ್ತಿ ಆರಿದ್ದು ನವೆಂಬರ್ 15ಕ್ಕೆ. ಸಾವಿರಾರು ಜನ ಪರಿಹಾರ ಶಿಬಿರ ಸೇರಿದರು. ಪಕ್ಕದ ಮಾಗುರಿ-ಮೋಟಾಪುಂಗ್ ಕೆರೆಯ ಮೀನು, ಹಕ್ಕಿಗಳ ಗತಿ ಬೇರೆ ಹೇಳಬೇಕಾಗಿಲ್ಲ. ಇಂಥ ಸಿಡಿತ ಅಪರೂಪವೆಂದು ಕಂಪನಿಗಳು ಹೇಳುತ್ತವೆ, ಅದು ಸುಳ್ಳೂ ಅಲ್ಲ. ಆದರೆ ಅಪರೂಪದ ಆ ದಿನ ಬಂದಾಗ ಮನೆ ಬಾವಿಯಿಂದ ಎಷ್ಟು ದೂರವಿತ್ತು ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಬಾಘ್‌ಜಾನ್ ಸಿಡಿದ ವರ್ಷವೇ ಇನ್ನೊಂದು ಸಂಗತಿ ನಡೆದಿತ್ತು, ಅದು ಅಷ್ಟಾಗಿ ಸುದ್ದಿಯಾಗಲಿಲ್ಲ. 2020ರ ಜನವರಿ 16ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ತೈಲ ಮತ್ತು ಅನಿಲದ ಶೋಧಕ್ಕಾಗಿ ಕೊರೆಯುವ ಕೆಲಸವನ್ನು ಅದು ಪರಿಸರ ಪರಿಣಾಮದ ಪಟ್ಟಿಯಲ್ಲಿ ‘ಬಿ-2’ ದರ್ಜೆಗೆ ಇಳಿಸಿತು. ಆ ದರ್ಜೆಯ ಕೆಲಸಕ್ಕೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ಅಂದರೆ ಗೋಪುರ ಬಂದು ನಿಲ್ಲುವ ಮುನ್ನ ಊರವರನ್ನು ಕೂರಿಸಿ ಕೇಳುವ ಕಡ್ಡಾಯ ತಪ್ಪಿತು. ಎಣ್ಣೆ ಸಿಕ್ಕು ಉತ್ಪಾದನೆ ಆರಂಭಿಸುವಾಗ ಬೇರೆ ಹಂತ, ಬೇರೆ ಅನುಮತಿ. ಆದರೆ ಹಣ ಸುರಿದು ಕೊರೆದು, ಎಣ್ಣೆ ಕಂಡ ಮೇಲೆ ‘ಬೇಡ’ ಎನ್ನುವ ಮಾತಿಗೆ ಎಷ್ಟು ಬೆಲೆ ಉಳಿಯುತ್ತದೆ ಎಂಬುದನ್ನು ತಾವೇ ಊಹಿಸಬಹುದು.

ಕೇಂದ್ರದ ವಾದವನ್ನೂ ಬದಿಗಿಡುವಂತಿಲ್ಲ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತು ಬರುವ ಪ್ರತಿ ಲಾರಿಯೂ ಆ ಎಣ್ಣೆಯಲ್ಲೇ ಓಡುತ್ತದೆ. ಪ್ರತಿಯೊಂದು ಊರೂ ತನ್ನ ಗಡಿಯಲ್ಲಿ ಬೇಡವೆಂದರೆ ಎಣ್ಣೆ ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಈ ವಾದ ‘ಎಲ್ಲಿಯೂ ಕೊರೆಯಬೇಡಿ’ ಎನ್ನುವವರಿಗೆ ಉತ್ತರವಾದೀತೇ ಹೊರತು, ‘ಮನೆಯಿಂದ ಇಷ್ಟು ದೂರ ಕೊರೆಯಿರಿ’ ಎನ್ನುವವರಿಗಲ್ಲ.

ಇಲ್ಲಿಗೆ ತಮಿಳುನಾಡಿನ ನೆಡುವಾಸಲ್ ಬರುತ್ತದೆ. ಪುದುಕ್ಕೋಟ್ಟೈ ಜಿಲ್ಲೆಯ ಈ ಹಳ್ಳಿಯ ಹೆಸರನ್ನು 2017ರ ಫೆಬ್ರವರಿಗೆ ಮುಂಚೆ ಹೊರಗಿನವರು ಕೇಳಿದ್ದು ಕಡಿಮೆ. ಆ ತಿಂಗಳು ಕೇಂದ್ರ ಸಂಪುಟದ ಸಮಿತಿ, ಹಿಂದೆ ಪತ್ತೆಯಾಗಿದ್ದರೂ ಬಳಸದೆ ಬಿಟ್ಟಿದ್ದ ಸಣ್ಣ ತೈಲಕ್ಷೇತ್ರಗಳನ್ನು ಖಾಸಗಿಯವರಿಗೂ ಕೊಡಲು ಒಪ್ಪಿಗೆ ಕೊಟ್ಟಿತು. ನೆಡುವಾಸಲ್ ಪಾಲಾದದ್ದು ಕರ್ನಾಟಕದ್ದೇ ಕಂಪನಿಗೆ, ಬೆಂಗಳೂರಿನ ಜೆಮ್ ಲ್ಯಾಬೊರೇಟರೀಸ್‌ಗೆ. ಊರವರು ಪತ್ರಿಕೆಯಲ್ಲಿ ಓದಿ ವಿಷಯ ತಿಳಿದು ಬೀದಿಗಿಳಿದರು. ಹೆಂಗಸರು, ಮಕ್ಕಳು, ಕಾಲೇಜು ಹುಡುಗರು ಕೂಡಿ ವಾರಗಟ್ಟಲೆ ಧರಣಿ ಕೂತರು. ಗ್ರಾಮಸಭೆಯಲ್ಲಿ ಯೋಜನೆ ಬೇಡವೆಂದು ಠರಾವು ಮಾಡಿದರು. ಠರಾವಿಗೆ ಕಾನೂನಿನ ಬಲವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ಠರಾವಿನ ಮಾತು ಮೂರು ವರ್ಷದ ಬಳಿಕ ಬೇರೆ ದಾರಿಯಲ್ಲಿ ಕಾನೂನಾಯಿತು. 2020ರ ಫೆಬ್ರವರಿಯಲ್ಲಿ ತಮಿಳುನಾಡು ವಿಧಾನಸಭೆ ಸಂರಕ್ಷಿತ ಕೃಷಿ ವಲಯ ಅಭಿವೃದ್ಧಿ ಕಾಯ್ದೆಯನ್ನು ಅಂಗೀಕರಿಸಿತು. ತಂಜಾವೂರು, ತಿರುವಾರೂರು, ನಾಗಪಟ್ಟಿನಂ ಜಿಲ್ಲೆಗಳು, ಕಡಲೂರು ಮತ್ತು ಪುದುಕ್ಕೋಟ್ಟೈನ ಕೆಲವು ಬ್ಲಾಕುಗಳು ಅದರ ವ್ಯಾಪ್ತಿಗೆ ಬಂದವು. ಹೊಸದಾಗಿ ತೈಲ, ನೈಸರ್ಗಿಕ ಅನಿಲ, ಕಲ್ಲಿದ್ದಲ ಪದರದ ಅನಿಲ ಹುಡುಕುವುದನ್ನೂ ಕೊರೆಯುವುದನ್ನೂ ಅಲ್ಲಿ ನಿಷೇಧಿಸಲಾಯಿತು. ಇಲ್ಲಿಯ ಜಾಣತನವನ್ನು ಗಮನಿಸಬೇಕು. ಎಣ್ಣೆಯ ಬಗ್ಗೆ ಕಾನೂನು ಮಾಡುವ ಅಧಿಕಾರ ರಾಜ್ಯಕ್ಕಿಲ್ಲ. ಕೃಷಿಯ ಬಗ್ಗೆ ಇದೆ. ಅದಕ್ಕೇ ಕಾಯ್ದೆಯ ಹೆಸರಿನಲ್ಲಿ ಎಣ್ಣೆಯ ಸೊಲ್ಲಿಲ್ಲ. ಬಾವಿಯನ್ನು ಹೆಸರಿಟ್ಟು ಹಿಡಿಯದೆ, ಬಾವಿ ನಿಲ್ಲಬೇಕಾದ ನೆಲವನ್ನು ಹಿಡಿದರು. ಹಳೆಯ ಬಾವಿಗಳಿಗೆ ಮಾತ್ರ ಕಾಯ್ದೆ ಅಡ್ಡಬರಲಿಲ್ಲ, ಅವು ಎಂದಿನಂತೆ ಎಣ್ಣೆ ಎತ್ತಲು ಅವಕಾಶ ಉಳಿಯಿತು.

ಇದೇ ಉಪಾಯವನ್ನು ಅಮೆರಿಕದ ಸಣ್ಣ ಊರೊಂದು ಮೊದಲೇ ಕಂಡುಕೊಂಡಿತ್ತು. ನ್ಯೂಯಾರ್ಕ್ ರಾಜ್ಯದ ಡ್ರೈಡನ್ ಎಂಬ ಊರು ತನ್ನ ಭೂಬಳಕೆಯ ನಿಯಮದಲ್ಲೇ ಅನಿಲದ ಕೊರೆತಕ್ಕೆ ಜಾಗವಿಲ್ಲವೆಂದು ಬರೆಯಿತು. ಕಂಪನಿ ಕೋರ್ಟಿಗೆ ಹೋಯಿತು. ಬಾವಿಯನ್ನು ಹೇಗೆ ಕೊರೆಯಬೇಕೆಂದು ಹೇಳುವುದು ರಾಜ್ಯದ ಕೆಲಸವಿರಬಹುದು, ಊರಿನ ಯಾವ ಜಾಗದಲ್ಲಿ ಏನಿರಬೇಕೆಂದು ಹೇಳುವುದು ಊರಿನ ಕೆಲಸವೇ ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ 2014ರ ಜೂನ್ 30ರಂದು ತೀರ್ಪಿತ್ತಿತು.

ಅದೇ ವರ್ಷ ಟೆಕ್ಸಾಸಿನ ಡೆಂಟನ್ ನಗರದಲ್ಲಿ ಇದಕ್ಕೆ ತದ್ವಿರುದ್ಧ ಕತೆ ನಡೆಯಿತು. ಟೆಕ್ಸಾಸ್ ಎಂದರೆ ಎಣ್ಣೆಯ ತವರು. ಡೆಂಟನ್ ಊರೊಳಗೇ ಇನ್ನೂರಕ್ಕೂ ಹೆಚ್ಚು ಅನಿಲ ಬಾವಿಗಳಿದ್ದವು, ಹೊಸ ಬಡಾವಣೆಗಳ ಹಿತ್ತಲಿಗೇ ತಾಗಿಕೊಂಡು. ನವೆಂಬರ್‌ನಲ್ಲಿ ಜನ ಮತ ಹಾಕಿ, ಬಂಡೆಯನ್ನು ನೀರಿನ ಒತ್ತಡದಿಂದ ಒಡೆದು ಅನಿಲ ತೆಗೆಯುವ ವಿಧಾನವನ್ನೇ ಊರೊಳಗೆ ನಿಷೇಧಿಸಿದರು. ನೂರಕ್ಕೆ ಸುಮಾರು 59 ಮಂದಿ ನಿಷೇಧದ ಪರ. ಆರು ತಿಂಗಳು ಕಳೆಯುವುದರೊಳಗೆ, 2015ರ ಮೇ ತಿಂಗಳಲ್ಲಿ, ರಾಜ್ಯದ ಶಾಸನಸಭೆ ಹೊಸ ಕಾನೂನು ತಂದು ನಗರಸಭೆಗಳ ಆ ಅಧಿಕಾರವನ್ನೇ ಕಿತ್ತುಕೊಂಡಿತು. ಜೂನ್‌ನಲ್ಲಿ ಡೆಂಟನ್ ತನ್ನ ನಿಷೇಧವನ್ನು ತಾನೇ ರದ್ದು ಮಾಡಬೇಕಾಯಿತು. ಡೆಂಟನ್ ನೇರವಾಗಿ ಬಾವಿಯ ವಿಧಾನಕ್ಕೇ ಕೈ ಹಾಕಿತು, ಡ್ರೈಡನ್ ನೆಲಕ್ಕೆ ಹಾಕಿತು. ಸೋಲು ಗೆಲುವಿಗೆ ಅದೊಂದೇ ಕಾರಣವೆನ್ನಲಾಗದು. ಮೇಲಿನ ಸರ್ಕಾರದ ಮನಸ್ಸೂ ಮುಖ್ಯ.

ಮನಸ್ಸು ಬದಲಾಗುವುದೂ ಉಂಟು. ಕೊಲರಾಡೊದಲ್ಲಿ ಲಾಂಗ್‌ಮಾಂಟ್ ಊರಿನವರು 2012ರಲ್ಲಿ ಹಾಕಿದ ಇಂಥದೇ ನಿಷೇಧವನ್ನು ಅಲ್ಲಿಯ ಸುಪ್ರೀಂ ಕೋರ್ಟು 2016ರಲ್ಲಿ ಹೊಡೆದುಹಾಕಿತು. 2019ರಲ್ಲಿ ರಾಜ್ಯವೇ ಕಾನೂನು ಬದಲಿಸಿ ಊರುಗಳಿಗೆ ಅಧಿಕಾರ ಕೊಟ್ಟಿತು. ಮರುವರ್ಷ ಮನೆಗಳಿಂದ 2,000 ಅಡಿ ಅಂತರದ ನಿಯಮ, ಕೆಲವು ವಿನಾಯಿತಿಗಳೊಂದಿಗೆ, ಬಂತು. ಕ್ಯಾಲಿಫೋರ್ನಿಯಾ 2022ರ ಕಾನೂನಿನಲ್ಲಿ 3,200 ಅಡಿ ಎಂದಿತು. ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಅದೇ ವರ್ಷ ಲಾಸ್ ಏಂಜಲೀಸ್ ನಗರಸಭೆ ಹೊಸ ಬಾವಿ ಬೇಡ, ಹಳೆಯವು 20 ವರ್ಷದಲ್ಲಿ ಮುಚ್ಚಲಿ ಎಂದಿತು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರೊಬ್ಬರು ನಗರಸಭೆಗೆ ಆ ಅಧಿಕಾರವಿಲ್ಲವೆಂದರು. ಅದೇ ತಿಂಗಳು ರಾಜ್ಯ ಸರ್ಕಾರ ‘ಇದೆ’ ಎಂದು ಕಾನೂನು ಮಾಡಿತು. ಹಗ್ಗಜಗ್ಗಾಟ ಹೀಗೆ ನಡೆದೇ ಇದೆ.

ಈಗ ಮತ್ತೆ ರಾಣೆಬೆನ್ನೂರಿಗೆ ಬರೋಣ. ತಾಲ್ಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರುವಾದದ್ದು 1972ರಲ್ಲಿ. ದೇಶದ ಜಲಮಾಲಿನ್ಯ ನಿಯಂತ್ರಣ ಕಾಯ್ದೆ ಬಂದದ್ದು 1974ರಲ್ಲಿ. ಕಾರ್ಖಾನೆ ಮೊದಲು, ಕಾನೂನು ಆಮೇಲೆ. ಎಂಬತ್ತರ ದಶಕದ ಮೊದಲಲ್ಲಿ ನದಿಯ ಮೀನು ಸತ್ತು ತೇಲಿದಾಗ ಕೆಳದಂಡೆಯ ಊರುಗಳವರು ಕೇಳಬೇಕಾದದ್ದು ದೂರದ ಮಂಡಳಿಯನ್ನು, ಕೋರ್ಟನ್ನು. ಸಮಾಜ ಪರಿವರ್ತನ ಸಮುದಾಯ ಆ ಹೋರಾಟಕ್ಕೆ ಹೆಗಲು ಕೊಟ್ಟಿತು. ಅದರ ಮುಂದಿನ ಕೊಂಡಿಯೇ ಈಗ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನಡೆದ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ. ಅದೇ ಕಾರ್ಖಾನೆಗೆ ಕಟ್ಟಿಗೆ ಒದಗಿಸಲು ಸರ್ಕಾರ ಜಂಟಿ ಕಂಪನಿ ಕಟ್ಟಿ 30,000 ಹೆಕ್ಟೇರ್‌ನಷ್ಟು ಊರ ಸುತ್ತಿನ ಜಮೀನು ಕೊಡಲು ಹೊರಟಿತ್ತು. ಜನ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ನೆಟ್ಟರು. ಹೊಸ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದ ವರ್ಷವೂ ಅದೇ. ಜಮೀನು ಊರಿನ ಕೈಯಲ್ಲಿರಲಿ ಎಂಬುದೇ ಬೇಡಿಕೆ. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದ ಮೊಕದ್ದಮೆ ನಡೆದಿರುವಾಗಲೇ, 1991ರಲ್ಲಿ, ಆ ಕಂಪನಿಯನ್ನು ಮುಚ್ಚಲಾಯಿತು. ಜಮೀನು ಉಳಿಯಿತು, ಕಾರ್ಖಾನೆ ನದಿದಂಡೆಯಲ್ಲೇ ಉಳಿಯಿತು.

ಅಕ್ಕಪಕ್ಕದ ಜಿಲ್ಲೆಗಳಲ್ಲೂ ಇದೇ ಪಾಠ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಸ್ವಾಧೀನ ನಿಂತದ್ದು, 2025ರ ಫೆಬ್ರವರಿಯಲ್ಲಿ ಕೊಪ್ಪಳದವರು ಊರಿಗೆ ತಾಗಿದ ಉಕ್ಕಿನ ಕಾರ್ಖಾನೆಯ ವಿಸ್ತರಣೆ ವಿರುದ್ಧ ಬಂದ್ ಮಾಡಿದ್ದು, ಎರಡರಲ್ಲೂ ಸರ್ಕಾರದ ಕಿವಿಗೆ ಬಿದ್ದದ್ದು ಮಠದ ಸ್ವಾಮಿಗಳ ದನಿ, ಬೀದಿಯ ಜನಸಾಗರ. ಪಂಚಾಯಿತಿಯ ಠರಾವಲ್ಲ, ನಗರಸಭೆಯ ನಿರ್ಣಯವಲ್ಲ. ಸ್ವಾಮಿಗಳು ಮುಂದಾಗದ ಊರಿನ ಗತಿ ಏನು?

ಬ್ಯಾಡಗಿಯ ಉದಾಹರಣೆಯನ್ನೇ ನೋಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆ ಹೆಸರನ್ನು ಬೇರೆಯವರು ಕದಿಯುವಂತಿಲ್ಲ. ಆದರೆ ಅದು ಬೆಳೆಯುವ ಹೊಲಕ್ಕೆ, ಅದನ್ನು ಹರವಿ ಒಣಗಿಸುವ ಕಣಕ್ಕೆ ಆ ಮಾನ್ಯತೆ ಯಾವ ರಕ್ಷಣೆಯನ್ನೂ ಕೊಡದು. ತಂಜಾವೂರಿನ ಗದ್ದೆಗೆ ತಮಿಳುನಾಡು ಕೊಟ್ಟಂಥ ಕಾಯ್ದೆ ಕರ್ನಾಟಕದ ಯಾವ ಬೆಳೆಯ ಸೀಮೆಗೂ ಇಲ್ಲ.

ಹಾಗೆಂದು ಪಂಚಾಯಿತಿಯ ಕೈ ಪೂರಾ ಬರಿದೂ ಅಲ್ಲ. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯ 66ನೇ ಪ್ರಕರಣದಂತೆ ಕಾರ್ಖಾನೆ ಕಟ್ಟಲು, ಯಂತ್ರ ಕೂಡಿಸಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಗಣಿಯ ಕೊರೆತವನ್ನು ಅದೊಂದರಿಂದಲೇ ತಡೆಯಹೊರಟರೆ ಕೇಂದ್ರದ ಕಾಯ್ದೆ ಅದನ್ನು ಮೀರಿ ನಿಲ್ಲುತ್ತದೆ, ನಿಜ. ಆದರೆ ಅದಿರು ಅರೆಯುವ ಗಿರಣಿ, ಲಾರಿಗಳು ತುಳಿಯುವ ಊರ ರಸ್ತೆ, ಕುಡಿಯುವ ನೀರಿನ ಬಾವಿ ಇವೆಲ್ಲ ಪಂಚಾಯಿತಿಗೆ ಸಂಬಂಧಪಟ್ಟವೇ. ನಗರಗಳಿಗಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ ಮಹಾಯೋಜನೆಯ ನಕ್ಷೆ ಇರುತ್ತದೆ. ಡ್ರೈಡನ್‌ನವರು ಬಳಸಿದ ಅಸ್ತ್ರಕ್ಕೆ ಇಲ್ಲಿಯ ಹತ್ತಿರದ ಸಂಬಂಧಿ ಅದೇ. ಆ ನಕ್ಷೆಯ ಕರಡಿಗೆ ಆಕ್ಷೇಪಣೆ ಕರೆಯುವ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬಂದಾಗ ಅದನ್ನು ಓದುವವರು ಬಹುತೇಕ ನಿವೇಶನದ ವ್ಯಾಪಾರಿಗಳು.

ಚಿನ್ನದಂಥ ಗಣಿಗೆ ಎಣ್ಣೆಶೋಧದಂತೆ ವಿನಾಯಿತಿಯಿಲ್ಲ. ಅಲ್ಲಿ 2006ರ ಪರಿಸರ ಅಧಿಸೂಚನೆಯಂತೆ ಅಹವಾಲು ಸಭೆ ಇದೆ. ಕನಿಷ್ಠ 30 ದಿನ ಮೊದಲು ನೋಟಿಸು ಕೊಡಬೇಕು. ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು, ಅಂದರೆ ಇಲ್ಲಿ ಕನ್ನಡದಲ್ಲಿ. ಕರಡು ವರದಿಯ ಪ್ರತಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೋಡಲು ಸಿಗಬೇಕು. ಸಭೆಗೆ ಬರಲಾಗದವರು ಬರೆದು ಕೊಡಬಹುದು. ಇಂಥ ಸಭೆಗೆ ಪಂಚಾಯಿತಿ ಕೊಡುವ ಠರಾವು ‘ಈ ಯೋಜನೆಗೆ ನಮ್ಮ ವಿರೋಧವಿದೆ’ ಎಂಬ ಒಂದೇ ಸಾಲಿನದಾದರೆ ಅದು ಕಡತದಲ್ಲಿ ಮಲಗುತ್ತದೆ. ಸರ್ವೆ ನಂಬರು ಬರೆದು, ಶಾಲೆಗೆ ಎಷ್ಟು ಮೀಟರ್, ಕಡೆಯ ಮನೆಗೆ ಎಷ್ಟು, ಕುಡಿಯುವ ನೀರಿನ ಬಾವಿಗೆ ಎಷ್ಟು, ಕೆರೆಯ ಕೋಡಿಗೆ ಎಷ್ಟು ಎಂದು ಟೇಪು ಹಿಡಿದು ಅಳೆದು ಬರೆದರೆ, ಮುಂದೆ ಆ ಅಂತರದ ಮಾತನ್ನು ತಜ್ಞರ ಸಮಿತಿಯೂ ನ್ಯಾಯಾಲಯವೂ ಕೇಳಬೇಕಾಗುತ್ತದೆ. ಸಭೆಯ ಕೊನೆಗೆ ನಡಾವಳಿಯನ್ನು ಅಲ್ಲಿಯೇ ಜನರ ಭಾಷೆಯಲ್ಲಿ ಓದಿ ಹೇಳಿ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಸಹಿ ಮಾಡಬೇಕೆಂದೂ ನಿಯಮವಿದೆ. ಓದುವವರೆಗೆ ಕಾಯದೆ ಊಟದ ಪೊಟ್ಟಣ ಹಿಡಿದು ಬಸ್ಸು ಹತ್ತಿದರೆ ಅದರಲ್ಲಿ ಏನು ಬರೆದುಕೊಂಡರೆಂಬುದು ಊರಿಗೆ ತಿಳಿಯುವುದು ತಡವಾಗಿ.

ಅದೇ ಅಧಿಸೂಚನೆಯಲ್ಲಿ ಇನ್ನೊಂದು ಸಾಲಿದೆ. ಸಭೆ ಆರಂಭಿಸಲು ಕೋರಂ ಬೇಕಾಗಿಲ್ಲ. ಊರಿನಿಂದ ಒಬ್ಬರೂ ಬಾರದಿದ್ದರೂ ಅಹವಾಲು ಸಭೆ ನಡೆಯಿತೆಂದೇ ಲೆಕ್ಕ.